ಅಡುಗೆಮನೆ ಮುಟ್ಟದ ವೈರ್

ಹೆಡ್‌ಫೋನ್ ಹಾಕಿಕೊಂಡೇ ಹೆಂಡತಿ ಅಡುಗೆಮನೆಗೆ ಹೊರಟಳು. ಬಾಗಿಲಲ್ಲಿ ವೈರ್ ಬಿಗಿದು, ಧಾರವಾಡದಿಂದ ನಾಸಿಕ್‌ಗೆ ವರ್ಗವಾದಾಗ ತಂದ ಟೇಪ್‌ರೆಕಾರ್ಡರ್ ಮೇಜಿನ ಅಂಚಿಗೆ ಜಾರಿತು. ಕಿವಿ ಮಂದವಾಗಿ ಅವಳು ಹಾಡು ಕೇಳುವುದನ್ನೇ ಬಿಟ್ಟಿದ್ದಳು. ಅದಕ್ಕೇ ಹೆಡ್‌ಫೋನ್ ತಂದಿದ್ದೆ. ಸಿಕ್ಕಾಗದಿರಲೆಂದು ಗಿಡ್ಡ ವೈರನ್ನೇ ಆರಿಸಿದ್ದೆ.

“ಕುರ್ಚಿ ಮ್ಯಾಲೆ ಕೂತು ಕೇಳಬಾರದೇನ?” ಎಂದು ಅವಳ ಹೆಡ್‌ಫೋನ್ ಸರಿಸಿ ಜೋರಾಗಿ ಕೇಳಿದೆ.

“ಹಾಡು ಕೇಳ್ಕೋತ ರೊಟ್ಟಿ ಬಡದಾಕಿ ನಾನು. ಸುಮ್ನ ಕೂಡ್ಲಿಕ್ಕೆ ನಾನೇನು ನಿಮ್ಮ ಆಫೀಸಿನ ಸಾಹೇಬ್ರೇನ್ರಿ?”

ಅಂದು ಸಂಜೆಯೇ ಅಂಗಡಿಗೆ ಮರಳಿ, ಅಲ್ಲಿದ್ದ ಅತಿ ಉದ್ದದ ವೈರ್ ತಂದೆ.

ನೆಲದ ಮೇಲೆ ಕಡ್ಡಿ ಬಿದ್ದರೂ ಸಹಿಸದ ನಾನು ಈಗ ದಿನವೂ ಆ ವೈರನ್ನು ದಾಟಿ ಓಡಾಡುತ್ತೇನೆ. ಹಾಡು ಅವಳಿಗಷ್ಟೇ ಕೇಳಿಸುತ್ತದೆ. ಆದರೆ ರೊಟ್ಟಿ ಬಡಿಯುವ ಕೈಗೆ ಹಳೆಯ ತಾಳ ಮರಳಿದೆ. ಯಾವ ಹಾಡೆಂದು ನನಗೆ ಅದರಿಂದಲೇ ತಿಳಿಯುತ್ತದೆ.