ಎಂಬತ್ತೊಂದು ಡಿಗ್ರಿ ದಾರ

ನನ್ನ ಗಂಡ ಹೋಲ್ಗರ್ ಕೋಫೋಡ್ ಫೆಬ್ರವರಿಯಲ್ಲಿ ಸತ್ತ. ಕಾಸ್ಟ್ರಪ್ ವಿಮಾನ ನಿಲ್ದಾಣಕ್ಕೆ ಎದುರುಗಾಳಿಯಲ್ಲಿ ಸೈಕಲ್ ತುಳಿದುಕೊಂಡು ಹೊರಟವನು ದಾರಿಯಲ್ಲಿ ಇಳಿದ, ಸೈಕಲನ್ನು ಬೇಲಿಗೆ ಒರಗಿಸಿದ, ಪಕ್ಕದಲ್ಲಿ ಕುಳಿತ. ಮತ್ತೆ ಏಳಲಿಲ್ಲ. ಸಾಯುವಾಗಲೂ ಸೈಕಲನ್ನು ಬೀಳಿಸಲಿಲ್ಲ.

ಅವನು ಬೋರ್ನ್‌ಹೋಮ್ ದ್ವೀಪದವನು. ಅಪ್ಪ ಮೀನಿಗೆ ಹೊಗೆ ಹಾಕಿ ಒಣಗಿಸಿ ಮಾರುತ್ತಿದ್ದ. ಓದಿದ್ದು ಏಳು ವರ್ಷ, ನನಗಿಂತ ಎರಡು ಹೆಚ್ಚು. ವಿಮಾನ ಕಂಪನಿಯ ನಕ್ಷೆ ಕೋಣೆಗೆ ಕಸ ಗುಡಿಸಲು ಸೇರಿದ. ಗುಡಿಸಿದ ಕಾಗದಗಳನ್ನು ಓದಿ ಓದಿ ಲೆಕ್ಕ ಕಲಿತ. ಆಮೇಲೆ ಇಪ್ಪತ್ತೆರಡು ವರ್ಷ ಈ ನಿಲ್ದಾಣದಿಂದ ಆ ನಿಲ್ದಾಣಕ್ಕೆ ಎಷ್ಟು ದೂರ ಎಂದು ಅಳೆದ. ಕಂಪನಿಯ ಪುಸ್ತಕದಲ್ಲಿ ಕೊನೆಯವರೆಗೂ ಅವನು ‘ಸಹಾಯಕ’.

ನಾನು ಅದೇ ಕಂಪನಿಯಲ್ಲಿ ವಿಮಾನದ ಸೀಟುಗಳಿಗೆ ಬಟ್ಟೆ ಹೊಲಿಯುವವಳು. ಒಂದು ದಿನ ಹೊಲಿಗೆ ಕೋಣೆಯ ಬಾಗಿಲಲ್ಲಿ ಬಂದು ನಿಂತ.

“ಎಳೆದ್ರೆ ಉದ್ದ ಆಗದೇ ಇರೋ ದಾರ ಇದೆಯಾ?”

“ಎಲ್ಲಾ ದಾರಾನೂ ಎಳೆದ್ರೆ ಉದ್ದ ಆಗುತ್ತೆ. ಗಂಡಸರ ಮಾತಿನ ಹಾಗೆ,” ಎಂದೆ.

ಅವನು ನಗಲಿಲ್ಲ. ಯೋಚಿಸಿದ. “ಹಾಗಾದ್ರೆ ಎರಡು ಸಲಾನೂ ಒಂದೇ ಸಮ ಎಳೀಬೇಕು,” ಎಂದ.

ಮೇಣ ಹಚ್ಚಿದ ನಾರಿನ ದಾರ ಕೊಟ್ಟೆ. ಮಾರನೇ ವರ್ಷ ಮದುವೆಯಾದೆವು.

ಅವನ ಕೆಲಸ ಹೀಗೆ. ಗೋಡೆಯ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ಗೆರೆ ಎಳೆದರೆ ನೆಟ್ಟಗೆ ಕಾಣುತ್ತದೆ, ಆದರೆ ಅದು ಸುತ್ತುದಾರಿ. ಭೂಮಿ ಗುಂಡಗಿದೆ. ನಕ್ಷೆ ಅಂಟಿಸಿದ ಗೋಳದ ಮೇಲೆ ದಾರ ಬಿಗಿದರೆ ದಾರವೇ ಹತ್ತಿರದ ದಾರಿ ಹುಡುಕಿಕೊಂಡು ಉತ್ತರಕ್ಕೆ ಸರಿಯುತ್ತದೆ. ಆ ದಾರವನ್ನು ಅದೇ ಗೋಳದ ಸೊಂಟದ ಗೆರೆಯ ಮೇಲೆ ಅಷ್ಟೇ ಬಿಗಿಯಾಗಿ ಇಟ್ಟು ಡಿಗ್ರಿ ಎಣಿಸಬೇಕು. ಒಂದು ಡಿಗ್ರಿಗೆ ಅರವತ್ತು ಸಮುದ್ರ ಮೈಲಿ. ಆಮೇಲೆ ಹಾಳೆಯ ಮೇಲೆ ದೊಡ್ಡ ಲೆಕ್ಕ. ಎರಡೂ ಹೊಂದದಿದ್ದರೆ ಹೋಲ್ಗರ್ ಸಹಿ ಹಾಕುತ್ತಿರಲಿಲ್ಲ.

ಕಾಸ್ಟ್ರಪ್‌ನಿಂದ ಲಾಸ್ ಏಂಜಲಿಸ್‌ಗೆ ದಾರಿ ತೆಗೆದ ವರ್ಷ ದೊಡ್ಡ ಲೆಕ್ಕ ಮಾಡಿದ್ದು ಮುಖ್ಯ ಎಂಜಿನಿಯರ್ ಲಿಂಡೆಗೋರ್. ಅದು ಎಪ್ಪತ್ತು ಡಿಗ್ರಿ ತೋರಿಸಿತು. ಹೋಲ್ಗರನ ದಾರ ಎಂಬತ್ತೊಂದು ಅಂದಿತು.

“ನಿನ್ನ ದಾರ ಬಿಸಾಕಪ್ಪ. ಇದು ಗಣಿತ,” ಎಂದರಂತೆ ಸಾಹೇಬರು.

ಇವನು ಹಾಳೆ ನೋಡಿದ. “ಸ್ವಾಮಿ, ಆ ಊರಿನ ರೇಖಾಂಶಕ್ಕೆ ನೀವು ಪಶ್ಚಿಮ ಅಂತ ಬರೆಯೋ ಕಡೆ ಪೂರ್ವ ಅಂತ ಹಿಡಿದಿದ್ದೀರಿ. ಹೆಸರು ಅಮೆರಿಕ, ಲೆಕ್ಕ ಹೋಗಿರೋದು ಚೀನಾಕ್ಕೆ.”

ಆ ಲೆಕ್ಕದಂತೆ ಇಂಧನ ತುಂಬಿದ್ದರೆ ಆರುನೂರು ಮೈಲಿಗೂ ಹೆಚ್ಚು ದಾರಿಗೆ ಇಂಧನವೇ ಇರುತ್ತಿರಲಿಲ್ಲ. ಹೋಲ್ಗರ್ ಇದನ್ನು ನನಗೊಬ್ಬಳಿಗೇ ಹೇಳಿದ. “ಎಲ್ಲರಿಗೂ ಹೇಳು,” ಎಂದೆ. “ಬಿಡೇ, ತಪ್ಪು ಸಿಕ್ತಲ್ಲ,” ಎಂದ. ಅವನ ಮೇಲೂ ನನಗೆ ಸಿಟ್ಟಿದೆ. ಸತ್ತವನು ಎಂದು ಬಿಡುವುದಿಲ್ಲ.

ಮಣ್ಣು ಮಾಡಿದ ದಿನ ಚರ್ಚಿನ ಪಕ್ಕದ ಕೋಣೆಯಲ್ಲಿ ಎಲ್ಲರಿಗೂ ಕಾಫಿ ಕೊಟ್ಟೆ. ಲಿಂಡೆಗೋರ್ ಎದ್ದು ನಿಂತು ಚಮಚದಿಂದ ಬಟ್ಟಲು ತಟ್ಟಿದರು. “ಗೋಳದ ಮೇಲೆ ದಾರ ಬಿಗಿಯೋ ಉಪಾಯ ನನಗೆ ಹೊಳೆದಾಗ, ನಮ್ಮ ಹೋಲ್ಗರ್ ತುದಿ ಹಿಡ್ಕೊಂಡು ನಿಲ್ತಿದ್ದ, ಪಾಪ,” ಎಂದರು. ಜನ ತಲೆಯಾಡಿಸಿ ಕೇಕು ತಿಂದರು. ನಾನು ಕಾಫಿ ಪಾತ್ರೆ ಹಿಡಿದು ನಿಂತಿದ್ದೆ. ಅವರ ಬಟ್ಟಲಿಗೆ ಹಾಕದೆ ಮುಂದೆ ಹೋದೆ. ಅಂದು ನನ್ನಿಂದಾದದ್ದು ಅಷ್ಟೇ.

ಏಪ್ರಿಲ್‌ನಲ್ಲಿ ನಮ್ಮ ಮನೆಯಲ್ಲಿದ್ದ ಗೋಳ ತೆಗೆದುಕೊಂಡು ಹೋಗಲು ಕಂಪನಿಯಿಂದ ಇಬ್ಬರು ಬಂದರು. ಅದು ಕಂಪನಿಯದು ನಿಜ. ಕಾಗದ ಸುಲಿದು ಹೋಗಿದ್ದನ್ನು ಹೋಲ್ಗರ್ ಎರಡು ಚಳಿಗಾಲ ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ಅಂಟಿಸಿದ್ದ. ಹೊಸ ಸಭಾಂಗಣದಲ್ಲಿ ಇಡುತ್ತಾರಂತೆ. “ದಾರ?” ಎಂದರು. “ದಾರ ನಂದು,” ಎಂದೆ.

ಸಭಾಂಗಣ ತೆರೆಯುವ ದಿನ ಬೆಳಿಗ್ಗೆ ಹೊಲಿಗೆ ಕೋಣೆಗೆ ಹೋಗುವ ಮುಂಚೆ ನೋಡಲು ಹೋದೆ. ಗೋಳದ ಕೆಳಗೆ ಅಚ್ಚು ಹಾಕಿದ ಕಾರ್ಡು: ‘ನಮ್ಮ ದೂರದಾರಿಗಳನ್ನು ಈ ಗೋಳದ ಮೇಲೆ ಅಳೆದವರು ಮುಖ್ಯ ಎಂಜಿನಿಯರ್ ಲಿಂಡೆಗೋರ್.’ ಗೋಳದ ಮೇಲೆ ಲಾಸ್ ಏಂಜಲಿಸ್‌ವರೆಗೆ ಕೆಂಪು ಪಟ್ಟಿ ಅಂಟಿಸಿದ್ದರು. ಅದು ಗೋಡೆಯ ನಕ್ಷೆಯಲ್ಲಿರುವ ಹಾಗೆ, ಅಟ್ಲಾಂಟಿಕ್ ಸಮುದ್ರದ ಮೇಲೆ ನ್ಯೂಯಾರ್ಕ್ ಕಡೆಗೆ ಸಾಗಿತ್ತು.

ಲಿಂಡೆಗೋರ್ ಅಲ್ಲೇ ಇದ್ದರು. ಹೊಸ ಕೋಟು.

“ಇದು ಸುತ್ತುದಾರಿ ಸ್ವಾಮಿ,” ಎಂದೆ.

ಅವರು ನೋಡಿದರು. ಕಿವಿ ಕೆಂಪಾಯಿತು. “ಅಲಂಕಾರದವರು ಅಂಟಿಸಿದ್ದು. ಹತ್ತು ಗಂಟೆಗೆ ಅಮೆರಿಕದ ಪೈಲಟ್‌ಗಳು ಬರ್ತಾರೆ. ಆ ದಾರ ಇದೆಯೇನಮ್ಮ?”

“ಇದೆ. ಅವನ ಹೆಸರು ಇದೆಯಾ?”

“ಕಾರ್ಡು ಅಚ್ಚಾಗಿ ಹೋಗಿದೆ ತಾಯಿ. ಆಮೇಲೆ ಮಾತಾಡೋಣ.”

ಚೀಲದಿಂದ ದಾರ ತೆಗೆದೆ. ಹೋಲ್ಗರ್ ಅದನ್ನು ಮಡಿಸಿದ ಹಾಳೆಯೊಂದಕ್ಕೆ ಸುತ್ತಿಟ್ಟಿದ್ದ. ದಾರ ಬಿಚ್ಚಿ ಹಾಳೆ ಬಿಡಿಸಿ ಹಿಡಿದೆ. ಸಾಹೇಬರದೇ ಅಕ್ಷರ, ಎಪ್ಪತ್ತು ಡಿಗ್ರಿ.

“ಚೀನಾದ ವಿಷಯಾನೂ ಆಮೇಲೇ ಮಾತಾಡೋಣವಾ? ಪೈಲಟ್‌ಗಳು ಬಂದ್ಮೇಲೆ?”

ಅವರು ಕಾರ್ಡು ತೆಗೆದರು, ತಿರುವಿ ಹಿಂಬದಿಯಲ್ಲಿ ತಮ್ಮ ಪೆನ್ನಿನಿಂದ ಬರೆದರು: ‘ಅಳೆದವರು ಹೋಲ್ಗರ್ ಕೋಫೋಡ್.’ ಜೊತೆಗೆ ‘ಸಹಾಯಕ’ ಎಂದೂ ಸೇರಿಸಿದರು.

“ಅದನ್ನ ಹೊಡೆದು ಹಾಕಿ,” ಎಂದೆ.

ಹೊಡೆದು ಹಾಕಿ, ಆ ಬದಿ ಕಾಣುವ ಹಾಗೆ ಕಾರ್ಡು ಇಟ್ಟರು.

ನಾನು ಕೆಂಪು ಪಟ್ಟಿ ಕಿತ್ತೆ. “ಈ ತುದಿ ಹಿಡ್ಕೊಳ್ಳಿ. ಕಾಸ್ಟ್ರಪ್ ಮೇಲೆ. ಅಲ್ಲಾಡಬೇಡಿ.” ಸಾಹೇಬರು ಬಗ್ಗಿ ಹಿಡಿದುಕೊಂಡು ನಿಂತರು. ನಾನು ಇನ್ನೊಂದು ತುದಿ ಎಳೆದೆ. ದಾರ ಮೇಲಕ್ಕೆ ಸರಿದು, ನಾರ್ವೆ ದಾಟಿ, ಗ್ರೀನ್‌ಲೆಂಡಿನ ಬಿಳುಪಿನ ಮೇಲೆ ಹೋಗಿ ಕುಳಿತಿತು. ಉಳಿದ ದಾರವನ್ನು ಗೋಳದ ಹಿಂದಿನಿಂದ ಸುತ್ತಿ ತಂದು, ಅವರು ಹಿಡಿದ ತುದಿಗೆ ಹೊಲಿಗೆಯವರ ಗಂಟು ಹಾಕಿದೆ. ಬಿಚ್ಚಲು ಬರುವುದಿಲ್ಲ, ಕತ್ತರಿಸಬೇಕು.

ಹಾಳೆಯನ್ನು ಚೀಲಕ್ಕೆ ಹಾಕಿಕೊಂಡೆ. ಕಾರ್ಡಿನ ಶಾಯಿ ಒಣಗುವವರೆಗೂ ಅಲ್ಲಿಂದ ಕದಲಲಿಲ್ಲ.