ಮಂಜಿನ ಪೆಟ್ಟಿಗೆಯ ಕಾದಂಬರಿ

ಮುಖಪುಟದಲ್ಲಿ ರಾಕೆಟ್ ಇರುವ ಪುಸ್ತಕವನ್ನು ನಾನು ಅಲ್ಲಿಯವರೆಗೆ ಮುಟ್ಟಿದವನೇ ಅಲ್ಲ. ಕಾದಂಬರಿ ಎಂದರೆ ಮನುಷ್ಯರ ಸಂಕಟ, ಮಿಕ್ಕಿದ್ದೆಲ್ಲ ಮಕ್ಕಳಾಟ ಎಂಬ ಜಂಬ ನನ್ನದು. ಶೃಂಗೇರಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ನನ್ನ ಗೆಳೆಯನದೂ ಅದೇ ಜಂಬ. ಕೊಪ್ಪದಲ್ಲಿದ್ದ ನಾನು ಓದಿ ಮುಗಿಸಿದ ಕಾದಂಬರಿಯನ್ನು ಹಳೇ ಪೇಪರಿನಲ್ಲಿ ಸುತ್ತಿ ಬೆಳಗಿನ ಬಸ್ಸಿಗೆ ಕೊಡುತ್ತಿದ್ದೆ. ಅವನು ಓದಿದ್ದು ಸಂಜೆ ಬಸ್ಸಿಗೆ ಬರುತ್ತಿತ್ತು. ಡ್ರೈವರು ಕಟ್ಟನ್ನು ಇಂಜಿನ್ನಿನ ಬಾನೆಟ್ ಮೇಲೆ ಇಡುತ್ತಿದ್ದರಿಂದ ಪುಸ್ತಕ ಕೈಗೆ ಬಂದಾಗ ಬೆಚ್ಚಗಿರುತ್ತಿತ್ತು. ಓದಿದ್ದರ ಬಗ್ಗೆ ಜಗಳವಾಡಲು ಭಾನುವಾರ ನಾನೇ ಅವನ ಮನೆಗೆ ಹೋಗುತ್ತಿದ್ದೆ.

ಎಲ್ಲರ ಕೈಗೂ ಡಿಜಿಟಲ್ ಕ್ಯಾಮೆರಾ ಬಂದು ಸ್ಟುಡಿಯೊ ಸೊರಗುತ್ತಿದ್ದ ಕಾಲದಲ್ಲೇ ಅವನ ಎರಡೂ ಕಿಡ್ನಿ ಕೆಟ್ಟವು. ವಾರಕ್ಕೆರಡು ಸಲ ಆಗುಂಬೆ ಘಾಟಿ ಇಳಿದು ಡಯಾಲಿಸಿಸ್‌ಗೆ ಹೋಗಬೇಕಾಯಿತು. ತನ್ನದೊಂದು ಕೊಡುತ್ತೇನೆಂದು ಹೆಂಡತಿ ಮುಂದೆ ಬಂದರು, ಹೊಂದಲಿಲ್ಲ.

ಒಂದು ಸಂಜೆ ಬಸ್ಸಿನಲ್ಲಿ ಬಂದ ಕಟ್ಟು ಬಿಚ್ಚಿದರೆ ಒಳಗೆ ರಾಕೆಟ್! ಫೋನ್ ಮಾಡಿ, "ತಲೆ ಸರಿ ಇದ್ಯಾ?" ಎಂದು ಕೇಳಿದೆ.

"ನಗಾಡ್ಬೇಡ ಮಾರಾಯ. ಆಸ್ಪತ್ರೇಲಿ ಪಕ್ಕದ ಮಂಚದವ್ರು ಕೊಟ್ಟಿದ್ದು. ಪೂರ್ತಿ ಓದ್ಕೊಂಡು ಭಾನುವಾರ ಬಾ," ಎಂದ.

ಹಲ್ಲು ಕಚ್ಚಿ ಓದಿದೆ. ವಾಸಿಯಾಗದ ರೋಗಿಗಳನ್ನು ಮಂಜಿನ ಪೆಟ್ಟಿಗೆಯಲ್ಲಿ ಮಲಗಿಸಿ, ಔಷಧಿ ಸಿಕ್ಕಿದ ಮೇಲೆ, ಎಷ್ಟೋ ತಲೆಮಾರು ಕಳೆದು ಎಬ್ಬಿಸುವ ಕಥೆ. ಪೆಟ್ಟಿಗೆಯ ಕೊಳವೆ, ತಂತಿ, ಗುಂಡಿಗಳಿಗೆ ಮೂರು ಪುಟ, ಅದರೊಳಗೆ ಮಲಗುವವನು ಹೆಂಡತಿಯನ್ನು ಬಿಟ್ಟುಹೋಗುವುದಕ್ಕೆ ಒಂದು ಸಾಲು. ಇಡೀ ಪುಸ್ತಕದಲ್ಲಿ ಒಬ್ಬರೂ ಊಟ ಮಾಡುವುದಿಲ್ಲ. ನನಗೆ ಸಿಟ್ಟೇ ಬಂತು. ಆದರೆ ಕಳಿಸಿದವನು ಅವನು, ಏನೋ ಒಳಾರ್ಥ ಇರಲೇಬೇಕು ಎಂದು ಮತ್ತೆ ಮೊದಲಿಂದ ಹುಡುಕಿದೆ. ಹುಡುಕುವವನಿಗೆ ಒಳಾರ್ಥ ಎಲ್ಲಿ ಸಿಗುವುದಿಲ್ಲ? ಸಿಕ್ಕಿತು.

ಭಾನುವಾರ ಅವನ ಹೆಂಡತಿ ಕೊಟ್ಟ ಕಾಫಿಯನ್ನು ಅಡುಗೆಮನೆಯಲ್ಲೇ ನಿಂತು ಕುಡಿದೆ. ಡಾಕ್ಟರು ಅವನಿಗೆ ನೀರನ್ನೂ ಅಳತೆಯಲ್ಲೇ ಕುಡಿಯಲು ಹೇಳಿದ್ದರಿಂದ ಅವನೆದುರು ಲೋಟ ಎತ್ತಲು ಮನಸ್ಸಾಗುತ್ತಿರಲಿಲ್ಲ. ಆಮೇಲೆ ಜಗಲಿಯಲ್ಲಿ ಕೂತು ಭಾಷಣ ಶುರುಮಾಡಿದೆ. "ಮಂಜಿನ ಪೆಟ್ಟಿಗೆ ಅಂದ್ರೆ ನೆನಪು ಕಣೊ. ಬಿಟ್ಟುಕೊಡೋಕಾಗದ್ದನ್ನೆಲ್ಲ ನಾವು ಒಳಗೆ..."

"ನಿಲ್ಸು ಮಾರಾಯ," ಎಂದ. ಸೂಜಿ ಚುಚ್ಚಿಸಿಕೊಂಡು ಉಬ್ಬಿದ್ದ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದ. "ಪೆಟ್ಟಿಗೆ ಅಂದ್ರೆ ಪೆಟ್ಟಿಗೆ. ಹಂಗೆ ಮಲಗ್ಸಿ ಎಬ್ಸೋದು ಆಗ್ತದಾ ಇಲ್ವಾ? ಅದೊಂದು ಹೇಳು ಸಾಕು."

ಅವನು ಕಾದಂಬರಿ ಓದಿರಲಿಲ್ಲ, ದಾರಿ ಹುಡುಕಿದ್ದ. ಬಾಗಿಲ ಬಳಿ ಸೊಪ್ಪು ಸೋಸುತ್ತಿದ್ದ ಅವನ ಹೆಂಡತಿ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ಆಗ್ತದೆ ಎಂದಿದ್ದರೆ ಅವರಿಬ್ಬರಿಗೂ ಆವತ್ತಿನ ಮಟ್ಟಿಗೆ ಸಾಕಿತ್ತೇನೋ. ಆದರೆ ಕೆಟ್ಟ ಪುಸ್ತಕವನ್ನು ಒಳ್ಳೆಯದೆಂದು ನಾವು ಒಬ್ಬರಿಗೊಬ್ಬರು ಎಂದೂ ಹೇಳಿದವರಲ್ಲ, ಅವನು ನನ್ನನ್ನು ಕೇಳಿದ್ದೂ ಅದಕ್ಕೇ.

"ನಮ್ಮ ಕಾಲಕ್ಕಿಲ್ಲ," ಎಂದೆ.

"ಹ್ಞೂಂ," ಎಂದ. ಸಿಟ್ಟಾಗಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಅವನ ಹೆಂಡತಿ ಮೊರ ಎತ್ತಿಕೊಂಡು ಒಳಗೆ ಹೋದರು. ಏನು ಮಾಡುವುದೆಂದು ತೋಚದೆ ಚೀಲದಿಂದ ಹೊಸ ಕಾದಂಬರಿ ತೆಗೆದು ಕೊಟ್ಟೆ. ಹೊರಳಿಸಿ ನೋಡಿದ. ಮೊದಲ ಸಾಲನ್ನಲ್ಲ, ಕೊನೆಯ ಪುಟದ ನಂಬರನ್ನು. ವಾಪಸು ನನ್ನ ತೊಡೆಯ ಮೇಲಿಟ್ಟ.

"ಇಷ್ಟು ದಪ್ಪದ್ದು ಬೇಡ ಮಾರಾಯ. ಸಣ್ಣದೆಂತಾದ್ರೂ ಇದ್ರೆ ಕಳ್ಸು."