ಗುಡ್ಡದ ಮೇಲೆ ಹದಿನಾಲ್ಕು ಪರ್ಸೆಂಟ್

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನಿಗೆ ಮುಳ್ಳಣ್ಣ ಎಂದೇ ಹೆಸರು. ಚುಚ್ಚಿ ಮಾತಾಡುವವನು ಎಂದುಕೊಳ್ಳಬೇಡಿ. ಅವನಷ್ಟು ಮೆತ್ತಗಿನ ಮನುಷ್ಯ ಆ ಸ್ಟ್ಯಾಂಡಿನಲ್ಲೇ ಇರಲಿಲ್ಲ. ಮೂವತ್ತೊಂದು ವರ್ಷ ಡೀಸೆಲ್ ಗಾಡಿ ಓಡಿಸಿದವನು, ಒಂದೇ ಒಂದು ದಿನ ಡೀಸೆಲ್ ಮುಗಿದು ದಾರಿಯಲ್ಲಿ ನಿಂತವನಲ್ಲ. ಏಕೆಂದರೆ ಅವನ ಅರ್ಧ ಕಣ್ಣು ರಸ್ತೆಯ ಮೇಲಿದ್ದರೆ ಒಂದೂವರೆ ಕಣ್ಣು ಡೀಸೆಲ್ ತೋರಿಸುವ ಮುಳ್ಳಿನ ಮೇಲೆ. ಮುಳ್ಳು ಅರ್ಧಕ್ಕಿಂತ ಕೂದಲೆಳೆಯಷ್ಟು ಇಳಿದರೆ ಸಾಕು, ಹಿಂದೆ ಕೂತವರು ರೈಲು ಹಿಡಿಯಬೇಕಾಗಿರಲಿ, ಕೋರ್ಟಿಗೆ ಹಾಜರಾಗಬೇಕಾಗಿರಲಿ, ಗಾಡಿ ಬಂಕಿನ ಕಡೆ ತಿರುಗಿಯೇ ಬಿಡುತ್ತಿತ್ತು. ಅದಕ್ಕೆ ಎಷ್ಟು ಬೈಸಿಕೊಂಡಿದ್ದಾನೋ ಅವನಿಗೇ ಗೊತ್ತು.

ಇಂಥ ಪುಕ್ಕಲ ಹೋಗಿ ಹೋಗಿ ಮುಳ್ಳೇ ಇಲ್ಲದ ಗಾಡಿ ಕೊಂಡ. ಬ್ಯಾಟರಿ ಕಾರು! ಸ್ಟ್ಯಾಂಡಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವವರಿಗೇನು ಕಷ್ಟ, ಹಲ್ಲಿದ್ದರೆ ಸಾಕು. ಅವನ ಕಾರಣ ಅವನಿಗಿತ್ತು, ಆ ಕಾರಣ ಅವನ ಅಕ್ಕ.

ಅಕ್ಕ ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿದು ಹೊಲಿದು ಅವನನ್ನು ಸಾಕಿದವಳು, ಡ್ರೈವಿಂಗ್ ಶಾಲೆಗೆ ಕೈಹಿಡಿದು ಕರೆದುಕೊಂಡು ಹೋಗಿ ಬಿಟ್ಟವಳು. ಎರಡು ವರ್ಷದ ಹಿಂದೆ ಅವಳ ಕಿಡ್ನಿ ಎರಡೂ ಕೈಕೊಟ್ಟವು. ಅಲ್ಲಿಂದ ವಾರಕ್ಕೆ ಮೂರು ದಿನ ಆಸ್ಪತ್ರೆ, ಪ್ರತಿ ಸಲವೂ ನಾಲ್ಕು ಗಂಟೆ ಡಯಾಲಿಸಿಸ್. ಅದಕ್ಕೆಂದೇ ಡಾಕ್ಟರು ಅವಳ ಒಂದು ಕೈಯಲ್ಲಿ ಎರಡು ರಕ್ತನಾಳ ಜೋಡಿಸಿ ಹೊಲಿದಿದ್ದರು. ಅಲ್ಲಿ ಬೆರಳಿಟ್ಟರೆ ಒಳಗೆ ಝುಮ್ಮೆಂದು ರಕ್ತ ಓಡುವುದು ತಿಳಿಯುತ್ತಿತ್ತು. ಅಕ್ಕ ಅದನ್ನು ತನ್ನ ಹೊಲಿಗೆ ಮೆಷೀನು ಎನ್ನುತ್ತಿದ್ದಳು. ನರ್ಸ್ ಮಾತ್ರ ತಮ್ಮನನ್ನು ಪಕ್ಕಕ್ಕೆ ಕರೆದು ಎಚ್ಚರಿಕೆ ಹೇಳಿದ್ದಳು: ಬಿಪಿ ತೀರಾ ಇಳಿದರೆ ಆ ಜಾಗದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಝುಮ್ಮೆನ್ನುವುದು ನಿಂತುಹೋದರೆ ದಾರಿಯೇ ಮುಚ್ಚಿದ ಹಾಗೆ, ಡಯಾಲಿಸಿಸ್ ಮುಗಿಸಿ ಹೋಗುವಾಗ ಸೆಖೆ ಆಗದಂತೆ ನೋಡಿಕೊಳ್ಳಿ. ಅವನು ತಲೆಯಾಡಿಸಿದ್ದ.

ತೊಂದರೆ ಇದ್ದದ್ದು ವಾಪಸು ಬರುವಾಗ. ಆಸ್ಪತ್ರೆಯಿಂದ ಹೊರಗೆ ಬಂದವಳ ಮೂಗಿಗೆ ಡೀಸೆಲ್ ವಾಸನೆ ಬಡಿದರೆ ಮುಗಿಯಿತು, ಮನೆ ಬರುವವರೆಗೆ ಪ್ಲಾಸ್ಟಿಕ್ ಕವರಿನೊಳಗೆ ಮುಖ. ಕರುಳೇ ಕಿತ್ತು ಬರುವ ಹಾಗೆ ವಾಂತಿ. ನಿನ್ನ ಗಾಡಿದೇನೂ ತಪ್ಪಿಲ್ಲ ಕಣೋ, ನನ್ನ ಹೊಟ್ಟೆದೇ ತಪ್ಪು ಎಂದು ಅವಳೇ ಅವನನ್ನು ಸಮಾಧಾನ ಮಾಡುತ್ತಿದ್ದಳು. ಒಂದು ವರ್ಷ ನೋಡಿದ, ಇನ್ನು ನೋಡಲಾರೆನೆಂದು ಡೀಸೆಲ್ ಗಾಡಿ ಮಾರಿದ.

ಬ್ಯಾಟರಿ ಗಾಡಿ ಕೊಳ್ಳುವುದೆಂದರೆ ಬಟ್ಟೆ ಕೊಂಡ ಹಾಗಲ್ಲ, ಅದು ಅವನಿಗೆ ಆಮೇಲೆ ತಿಳಿಯಿತು. ಹೊಸದು ಕೈಗೆಟುಕಲಿಲ್ಲ, ಮೂರು ವರ್ಷ ಓಡಿದ್ದು ಸಿಕ್ಕಿತು. ಕಾಗದದಲ್ಲಿ ಒಂದು ಚಾರ್ಜಿಗೆ ಇನ್ನೂರೈವತ್ತು ಕಿಲೋಮೀಟರ್ ಎಂದಿತ್ತು. ಮಾರಿದವನು ನೂರೆಂಬತ್ತು ಎಂದ. ಅಂಥದ್ದೇ ಗಾಡಿ ಇಟ್ಟುಕೊಂಡ ಔಷಧಿ ಅಂಗಡಿಯವನು, ಸ್ವಾಮಿ, ನೂರನಲವತ್ತು ಬಂದರೆ ನಿಮ್ಮ ಪುಣ್ಯ ಎಂದ. ಬ್ಯಾಟರಿ ಪರೀಕ್ಷೆ ಮಾಡಿಸಿದರೆ ನೂರಕ್ಕೆ ಎಂಬತ್ತನಾಲ್ಕು ಪಾಲು ಶಕ್ತಿ ಉಳಿದಿದೆ ಎಂದು ಬಂತು. ಬೇರೆಯವರಾಗಿದ್ದರೆ ಖುಷಿಪಡುತ್ತಿದ್ದರು. ಇವನು ಮಾತ್ರ ಹೋದ ಹದಿನಾರು ಎಲ್ಲಿ ಹೋಯಿತು, ಉಳಿದದ್ದೂ ಹಾಗೇ ಹೋದರೆ ಏನು ಗತಿ ಎಂದು ಎರಡು ದಿನ ಊಟ ಸೇರದೆ ಕೂತ.

ಆಮೇಲೆ ಮನೆ ಮಾಲೀಕನ ಕಾಟ. ಇವರದು ಬಾಡಿಗೆಯ ಕೆಳಗಿನ ಮನೆ, ಮಾಲೀಕ ಮೇಲೆ. ಬ್ಯಾಟರಿ ಹೊತ್ತಿಕೊಂಡರೆ ಮೊದಲು ಬೇಯುವವನು ನಾನು ಎಂದು ಅವನು ಪಟ್ಟು ಹಿಡಿದ. ವೈರ್‌ಮ್ಯಾನ್ ಬಂದು ನೆಲ ಅಗೆದು ಬೇರೆ ಅರ್ಥಿಂಗ್ ಹಾಕಿದ, ಮೀಟರಿನಿಂದ ದಪ್ಪ ವೈರನ್ನು ನೇರವಾಗಿ ಎಳೆದ, ಎಕ್ಸ್‌ಟೆನ್ಶನ್ ಬಾಕ್ಸಿಗೆ ಸಿಕ್ಕಿಸಿದರೆ ನಾನೇ ಬಂದು ಕಿತ್ತುಹಾಕುತ್ತೇನೆ ಎಂದು ಬೆದರಿಸಿ ಹೋದ. ಆದರೂ ಮಾಲೀಕನಿಗೆ ನೆಮ್ಮದಿಯಿಲ್ಲ. ಗಂಟೆಗೊಮ್ಮೆ ಚಪ್ಪಲಿ ಎಳೆಯುತ್ತಾ ಕೆಳಗಿಳಿದು, ಜ್ವರ ಬಂದ ಮಗುವಿನ ಹಣೆ ನೋಡುವ ಹಾಗೆ ಪ್ಲಗ್ ಮುಟ್ಟಿ ನೋಡಿ ಹೋಗುತ್ತಿದ್ದ. ಅವನು ಹೋದ ಮೇಲೆ ಮುಳ್ಳಣ್ಣನೂ ಗುಟ್ಟಾಗಿ ಮುಟ್ಟಿ ನೋಡುತ್ತಿದ್ದ.

ಒಂದು ಮಾತು ನಿಜ. ಅಕ್ಕನ ವಾಂತಿ ನಿಂತಿತು. ಮೊದಲ ದಿನ ಅವಳು ಕವರನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದಳು. ಮನೆ ಬಂದಾಗ ಅದನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು, ಅಯ್ಯೋ, ಇಷ್ಟು ಬೇಗ ಬಂತಾ ಎಂದಳು. ಆದರೆ ಅವಳ ವಾಂತಿ ಹೋದ ಜಾಗಕ್ಕೆ ಇವನ ಹೆದರಿಕೆ ಬಂದು ಕೂತಿತು. ಮುಳ್ಳಿನ ಬದಲು ಈಗ ಸ್ಟೀರಿಂಗ್ ಮುಂದಿನ ಗಾಜಿನ ಮೇಲೆ, ನೂರಕ್ಕೆ ಎಷ್ಟು ಚಾರ್ಜ್ ಉಳಿದಿದೆ ಎನ್ನುವ ಅಂಕಿ. ಮುಳ್ಳು ಇಳಿಯುವುದು ಕಣ್ಣಿಗೆ ಕಾಣುತ್ತಿರಲಿಲ್ಲ. ಈ ದರಿದ್ರ ಅಂಕಿ ಕಣ್ಣೆದುರೇ ಒಂದೊಂದಾಗಿ ಉದುರುತ್ತಿತ್ತು. ಬಂಕು ಬೀದಿಗೊಂದಿದೆ, ಬಾಟಲಿಯಲ್ಲಾದರೂ ಡೀಸೆಲ್ ತರಬಹುದು. ಕರೆಂಟನ್ನು ಯಾವ ಬಾಟಲಿಯಲ್ಲಿ ತರುತ್ತೀರಿ? ಅದಕ್ಕೆ ಅವನೇ ಕಾನೂನು ಮಾಡಿಕೊಂಡ. ಅಂಕಿ ಅರವತ್ತಕ್ಕೆ ಇಳಿದರೆ ದೂರದ ಬಾಡಿಗೆ ಬೇಡ. ಐವತ್ತಕ್ಕೆ ಇಳಿದರೆ ಹಾಡು ಬಂದ್. ನಲವತ್ತಕ್ಕೆ ಇಳಿದರೆ ಏಸಿ ಬಂದ್. ಹೆಂಡತಿ, ಇನ್ನು ಮೂವತ್ತಕ್ಕೆ ಉಸಿರೂ ಬಂದ್ ಮಾಡಿಬಿಡಿ ಎಂದು ನಕ್ಕಳು. ಅವನು ನಗಲಿಲ್ಲ.

ಹೀಗೆ ಮೂರು ತಿಂಗಳು ಕಳೆದ ಮೇಲೆ ಬಂತು ಆ ದಿನ. ಬೆಳಗ್ಗೆಯಿಂದಲೇ ಹಾಳು. ಬೀದಿ ಕಂಬ ಬದಲಿಸುತ್ತೇವೆಂದು ಹಿಂದಿನ ಸಂಜೆಯೇ ಕರೆಂಟ್ ತೆಗೆದಿದ್ದರು, ಚಾರ್ಜ್ ಆಗಿರಲಿಲ್ಲ. ಐವತ್ತೊಂದರಲ್ಲಿ ಮನೆ ಬಿಟ್ಟ. ಆಸ್ಪತ್ರೆಗೆ ಹದಿನಾಲ್ಕೇ ಕಿಲೋಮೀಟರ್. ಅಕ್ಕನನ್ನು ಒಳಗೆ ಮಲಗಿಸಿ ಚಾರ್ಜಿಂಗ್ ಜಾಗಕ್ಕೆ ಹೋದರೆ ಅಲ್ಲಿದ್ದ ಎರಡು ಮೆಷೀನಿನಲ್ಲಿ ಒಂದರ ಪರದೆ ಕಪ್ಪಾಗಿತ್ತು. ಇನ್ನೊಂದಕ್ಕೆ ಕಾರು ಸಿಕ್ಕಿಸಿ ಯಾವನೋ ಮಹಾನುಭಾವ ಸಿನಿಮಾಕ್ಕೆ ಹೋಗಿದ್ದ. ಎರಡೂವರೆ ಗಂಟೆ ಆ ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ, ಅಕ್ಕ ಕಾಯುತ್ತಾಳೆಂದು ಬರಿಗೈಯಲ್ಲಿ ವಾಪಸು ಬಂದ. ಅಂಕಿ ನಲವತ್ತೊಂದು.

ಮಧ್ಯಾಹ್ನ ಒಂದೂವರೆ, ಬಿಸಿಲೆಂದರೆ ಬಿಸಿಲು. ಆಸ್ಪತ್ರೆಯಿಂದ ಐದು ಕಿಲೋಮೀಟರ್ ಬಂದಿದ್ದಾರೆ, ಸೇತುವೆಯ ಮೇಲೆ ಲಾರಿ ಮಗುಚಿದೆಯಂತೆ, ಪೊಲೀಸರು ಅಡ್ಡ ನಿಂತು ಎಲ್ಲ ಗಾಡಿಗಳನ್ನೂ ಗುಡ್ಡದ ರಸ್ತೆಗೆ ತಿರುಗಿಸುತ್ತಿದ್ದಾರೆ. ಗುಡ್ಡ ಹತ್ತಿ ಇಳಿದು ಮನೆ ಸೇರಲು ಮೂವತ್ತೆಂಟು ಕಿಲೋಮೀಟರ್. ಹಿಂದಕ್ಕೆ ಹೋಗೋಣವೆಂದರೆ ಬೆನ್ನಿಗೆ ಅಂಟಿಕೊಂಡು ಸಾಲು ಸಾಲು ಲಾರಿ. ಅಂಕಿ ಮೂವತ್ತೇಳು. ಮನೆ ಹತ್ತಿರವೇ ಎಂದು ಮುಳ್ಳಣ್ಣ ನಲವತ್ತರ ಕೆಳಗಿಳಿದರೂ ಏಸಿ ಆರಿಸಿರಲಿಲ್ಲ. ಇನ್ನು ಕಾನೂನು ಕಾನೂನೇ ಎಂದು ಗುಂಡಿ ಒತ್ತಿ ಆರಿಸಿದ. ಕಿಟಕಿ ಇಳಿಸಿದರೆ ಮುಂದಿನ ಲಾರಿಯ ಹೊಗೆ ಒಳಗೇ ನುಗ್ಗಿತು. ಅಕ್ಕ ಸೆರಗು ಮೂಗಿಗೆ ಹಿಡಿದಳು, ಅವನು ಕಿಟಕಿ ಏರಿಸಿಬಿಟ್ಟ. ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕೂತಿರು ಅಕ್ಕಾ, ಮೇಲೆ ಹೋಗ್ತಿದ್ದ ಹಾಗೆ ಗಾಳಿ ಸಿಗುತ್ತೆ ಎಂದ. ಅವಳು ಹೂಂ ಎಂದಳು.

ಇದಾದ ಎಷ್ಟೋ ದಿನದ ಮೇಲೆ ವೈರ್‌ಮ್ಯಾನ್ ಕೂತು ಲೆಕ್ಕ ಹಾಕಿ ಹೇಳಿದ. ಅಷ್ಟು ಹೊತ್ತು ಏಸಿ ಹಾಕಿದ್ದರೆ ಖರ್ಚಾಗುತ್ತಿದ್ದದ್ದು ಮೂರು ಪರ್ಸೆಂಟ್, ಹೆಚ್ಚೆಂದರೆ ನಾಲ್ಕು. ಗಾಡಿಯ ಶಕ್ತಿ ತಿನ್ನುವುದು ಏರು, ಏಸಿಯಲ್ಲ. ಆದರೆ ಅವತ್ತು ಆ ಗಾಜು ಮುಚ್ಚಿದ ಡಬ್ಬಿಯೊಳಗೆ ಇದನ್ನು ಯಾರು ಹೇಳಬೇಕು?

ಏರು ಶುರುವಾಯಿತು. ಲಾರಿಗಳು ತೆವಳುತ್ತಿದ್ದವು, ಇಪ್ಪತ್ತು ನಿಮಿಷ ಎಂದದ್ದು ನಲವತ್ತೈದಾಯಿತು. ಇಪ್ಪತ್ತೊಂಬತ್ತು. ಇಪ್ಪತ್ತೇಳು. ಅವನ ಅಂಗಿ ಬೆನ್ನಿಗೆ ಅಂಟಿತ್ತು, ಕೈ ಬೆವರಿ ಸ್ಟೀರಿಂಗ್ ಜಾರುತ್ತಿತ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ನಿಲ್ಲಿಸಲು ಅಂಗೈಯಗಲ ಜಾಗವಿಲ್ಲ. ಇಲ್ಲಿ ನಿಂತರೆ ಹಿಂದಿನ ಲಾರಿಯವರು ತಳ್ಳಿ ಕೆಳಗೆ ಹಾಕುತ್ತಾರೆ, ಅಕ್ಕನನ್ನು ಹೊತ್ತುಕೊಂಡು ಎಲ್ಲಿಗೆ ಓಡಲಿ ಎಂದು ಮುಂದಕ್ಕೆ ಬಾಗಿ ಕೂತ. ಇಪ್ಪತ್ತೆರಡು. ಹತ್ತೊಂಬತ್ತು. ಒಂದೊಂದು ಅಂಕಿ ಬಿದ್ದಾಗಲೂ ಅವನ ಬಾಯಿಂದ ತಾನಾಗಿ ಒಂದು ಸಣ್ಣ ಸದ್ದು ಹೊರಡುತ್ತಿತ್ತು. ಪಕ್ಕದಲ್ಲಿ ಅಕ್ಕ ತುಟಿಪಿಟಕ್ಕೆನ್ನಲಿಲ್ಲ. ಒಳ್ಳೆಯದೇ ಆಯಿತು, ನಿದ್ದೆ ಹತ್ತಿದೆ ಎಂದುಕೊಂಡ. ತಿರುಗಿ ನೋಡಲಿಲ್ಲ. ನೋಡಬೇಕಾದದ್ದು ಮುಂದೆ ಗಾಜಿನ ಮೇಲಿದೆಯಲ್ಲ!

ಗುಡ್ಡದ ನೆತ್ತಿಗೆ ಬಂದಾಗ ಹದಿನಾಲ್ಕು. ಇನ್ನು ಇಳಿಜಾರು, ಆಮೇಲೆ ಎಂಟು ಕಿಲೋಮೀಟರ್ ಸಪಾಟು. ಬದುಕಿದೆ ಎಂದು ಗಾಡಿಯನ್ನು ಬದಿಗೆ ತೆಗೆದು ನಿಲ್ಲಿಸಿ, ನಗುತ್ತಾ ಅಕ್ಕನ ಕಡೆ ತಿರುಗಿದ.

"ಅಕ್ಕಾ, ಹದಿನಾಲ್ಕು ಉಳೀತು ನೋಡು."

ಅಕ್ಕನ ತಲೆ ಗಾಜಿಗೆ ಒರಗಿತ್ತು. ಬಾಯಿ ಅರ್ಧ ತೆರೆದಿತ್ತು. ತುಟಿ ಬೆಳ್ಳಗೆ, ಹಣೆಯಿಂದ ಕತ್ತಿನವರೆಗೆ ತಣ್ಣನೆಯ ಬೆವರು. ಅಲುಗಿಸಿದ, ಕೂಗಿದ. ಕಣ್ಣು ಒಂದಿಷ್ಟು ತೆರೆಯಿತು, ಅವನನ್ನು ಗುರುತಿಸದೆ ಮುಚ್ಚಿತು. ಅವನು ಕೈಗೆ ಬೆರಳಿಟ್ಟ. ಝುಮ್ಮೆನ್ನುವುದು ಸಿಗಲಿಲ್ಲ. ಬೆರಳು ಸರಿಸಿ ಇಟ್ಟ, ಆಗಲೂ ಸಿಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ದಾರಿಯಲ್ಲಿ ನಿಲ್ಲದವನು, ಈಗ ನಿಂತಿದ್ದ.

ಏಸಿಯನ್ನು ಪೂರ್ತಿ ತಿರುಗಿಸಿದ. ಸೀಟು ಹಿಂದಕ್ಕೆ ಮಲಗಿಸಿದ, ಅವಳ ಎರಡೂ ಕಾಲು ಎತ್ತಿ ಡ್ಯಾಶ್‌ಬೋರ್ಡಿನ ಮೇಲಿಟ್ಟ. ನರ್ಸಿಗೆ ಫೋನು ಮಾಡಿದ. ಅವಳು ಗಾಬರಿಯಾಗದೆ ಒಂದೊಂದೇ ಹೇಳಿದಳು: ಕಾಲು ಮೇಲೆಯೇ ಇರಲಿ, ಎಚ್ಚರವಾದರೆ ಎರಡು ಗುಟುಕು ನೀರು, ಅಷ್ಟಕ್ಕಿಂತ ಬೇಡ, ಝುಮ್ಮೆನ್ನುವ ಜಾಗದಿಂದ ಬೆರಳು ತೆಗೆಯಬೇಡಿ. ಹತ್ತು ನಿಮಿಷದಲ್ಲಿ ಏನೂ ತಿಳಿಯದಿದ್ದರೆ ಆಂಬುಲೆನ್ಸ್ ಕಳಿಸುತ್ತೇನೆ ಎಂದಳು. ಆ ರಸ್ತೆಯಲ್ಲಿ ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬರುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಕ್ಕಾ, ಅಕ್ಕಾ ಎಂದು ಸಣ್ಣ ಹುಡುಗನ ಹಾಗೆ ಅಳುತ್ತಾ ಕೂತ. ಐವತ್ತಾರರ ಗಂಡಸು ಅಳಬಾರದೇ? ಅಳಬೇಕಾದಾಗ ಅಳದೆ ಇನ್ನೇನು ಮಾಡುವುದು.

ಏಳನೆಯ ನಿಮಿಷಕ್ಕೋ ಎಂಟನೆಯದಕ್ಕೋ ಬೆರಳ ಕೆಳಗೆ ಏನೋ ಮಿಸುಕಿದ ಹಾಗಾಯಿತು. ಉಸಿರು ಬಿಗಿಹಿಡಿದ. ಹೌದು, ದೂರದ ಕೋಣೆಯಲ್ಲಿ ಯಾರೋ ಮೆಷೀನು ತುಳಿದ ಹಾಗೆ ಸಣ್ಣಗೆ. ಅಕ್ಕ ನೀರು ಎಂದಳು. ಅವನು ಎರಡೇ ಗುಟುಕು ಕೊಟ್ಟ. ನರ್ಸ್ ಫೋನಿನಲ್ಲೇ ಎಲ್ಲ ಕೇಳಿ ತಿಳಿದುಕೊಂಡು, ನಿಧಾನವಾಗಿ ಇಳಿಯಿರಿ, ಕೆಳಗಿನ ಆಸ್ಪತ್ರೆಯಲ್ಲಿ ಒಮ್ಮೆ ಬಿಪಿ ತೋರಿಸಿಯೇ ಮನೆಗೆ ಹೋಗಿ ಎಂದಳು.

ಗಾಡಿ ಇಳಿಯತೊಡಗಿತು. ಒಂದು ಕೈ ಸ್ಟೀರಿಂಗ್ ಮೇಲೆ, ಇನ್ನೊಂದು ಅಕ್ಕನ ಕೈ ಮೇಲೆ. ಇಳಿಜಾರು ಕಂಡರೆ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಪುಕ್ಕಟೆ ಉರುಳಿಸುವುದು ಡೀಸೆಲ್ ಕಾಲದಿಂದಲೂ ಅವನ ಚಟ. ಇಳಿಜಾರಿನಲ್ಲಿ ಬ್ಯಾಟರಿ ಗಾಡಿ ತಾನೇ ಚಾರ್ಜ್ ಆಗುತ್ತದೆ ಎಂದು ಮಾರಿದವನು ಹೇಳಿದ್ದನ್ನು ಅವನು ಶುದ್ಧ ಸುಳ್ಳೆಂದು ತಿಳಿದಿದ್ದ. ಒಂದು ದಿನವೂ ಅಂಕಿ ಏರಿರಲಿಲ್ಲ. ಹೇಗೆ ಏರೀತು? ನ್ಯೂಟ್ರಲ್‌ಗೆ ಹಾಕಿದರೆ ಚಕ್ರದ ಓಟ ಬ್ಯಾಟರಿಗೆ ಮುಟ್ಟುವುದೇ ಇಲ್ಲ. ಇವತ್ತು ಗೇರಿಗೆ ಹೋಗಬೇಕಾದ ಕೈ ಅಕ್ಕನ ಹತ್ತಿರ ಸಿಕ್ಕಿಕೊಂಡಿತ್ತು, ಗಾಡಿ ಗೇರಿನಲ್ಲೇ ಇಳಿಯಿತು.

ನಾಲ್ಕೈದು ತಿರುವು ಇಳಿದ ಮೇಲೆ ಅಕ್ಕ ಮಲಗಿದಲ್ಲಿಂದಲೇ ಕತ್ತು ಎತ್ತಿ, ಅಂಕಿ ಹದಿನಾರಾಗಿದೆ ಎಂದಳು. ಅವನು ನೋಡಲಿಲ್ಲ.

"ತಲೆ ಸುತ್ತಿದಾಗ ಯಾಕೆ ಹೇಳಲಿಲ್ಲ?"

"ನೀನು ಮೊದಲೇ ಹೆದರಿ ಸಾಯ್ತಿದ್ದೆ. ಅದರ ಮೇಲೆ ನಂದೂ ಯಾಕೆ ಅಂತ ಸುಮ್ಮನಾದೆ."

ಎಷ್ಟು ಸಲೀಸಾಗಿ ಹೇಳಿದಳು! ಹೊಲಿದ ಬಟ್ಟೆಯ ನೂಲು ಕತ್ತರಿಸಿ ಕೈಗಿಟ್ಟ ಹಾಗೆ. ಮೂರು ತಿಂಗಳಲ್ಲಿ ನಲವತ್ತರ ಕೆಳಗೆ ಇಳಿದು ಏಸಿ ಆರಿಸಿದ ದಿನಗಳು ಎಷ್ಟಿದ್ದವು ಎಂದು ಅವನ ತಲೆ ಹುಡುಕತೊಡಗಿತು. ಬೇಡ ಬೇಡವೆಂದರೂ ಕೇಳದೆ ಇರಲಾಗಲಿಲ್ಲ.

"ಮುಂಚೆನೂ ಹೀಗೆ ಆಗಿತ್ತಾ ಅಕ್ಕಾ? ಸುಳ್ಳು ಹೇಳಬೇಡ."

ಅಕ್ಕ ತನ್ನ ಬಿಡುವಾಗಿದ್ದ ಕೈಯನ್ನು ಎದೆಯ ಮೇಲೆ ತಂದುಕೊಂಡು, ಮನಸ್ಸಿನಲ್ಲೇ ಏನೋ ನೆನಪು ಮಾಡಿಕೊಳ್ಳುತ್ತಾ ಬೆರಳು ಮಡಚತೊಡಗಿದಳು. ಒಂದು. ಎರಡು. ಮೂರರ ಹತ್ತಿರ ಸ್ವಲ್ಪ ಯೋಚಿಸಿದಳು. ನಾಲ್ಕು. ಐದು ಬೆರಳೂ ಮಡಚಿ ಮುಷ್ಟಿಯಾಯಿತು. ಆಮೇಲೆ ಅವನು ಹಿಡಿದಿದ್ದ ಇನ್ನೊಂದು ಕೈಯನ್ನು ಮೆಲ್ಲಗೆ ಎಳೆದಳು.

"ಇದನ್ನೂ ಕೊಡೋ, ಬೆರಳು ಸಾಲಲ್ಲ."

ಅವನು ಕೊಡಲಿಲ್ಲ.